ಎರೆವ್ವನಿಗೆ ಬಾಯಿ ಬಂದದ್ದು

ಲೋಕ ಆಗಿನ್ನೂ ಹೊಚ್ಚ ಹೊಸದು. ಎಷ್ಟು ಹೊಸದೆಂದರೆ, ಬೆಳಗಾದರೆ ಏನೆಂದು ಕೂಗಬೇಕೋ ತಿಳಿಯದೆ ಕಾಗೆ ದಿನಕ್ಕೊಂದು ರಾಗ ತೆಗೆಯುತ್ತಿತ್ತು. ಯಾವ ಊರು ಯಾವ ಕಡೆಗಿದೆ ಎಂದು ಮೋಡಗಳಿಗೆ ಗೊತ್ತಿರಲಿಲ್ಲ. ಗಾಳಿಯನ್ನು ಕೇಳಿ ಕೇಳಿ ದಾರಿ ಹಿಡಿಯುತ್ತಿದ್ದವು. ಹಳ್ಳ ಮಾತಾಡುತ್ತಿತ್ತು, ಹುಳ ಮಾತಾಡುತ್ತಿತ್ತು, ಮಣ್ಣೂ ಮಾತಾಡುತ್ತಿತ್ತು. ಮನುಷ್ಯರಿಗೆ ಆ ಮಾತೆಲ್ಲ ತಿಳಿಯುತ್ತಿತ್ತು, ಕಿವಿಗೊಟ್ಟು ಕೇಳಿದರೆ.

ಆ ಹೊಸ ಲೋಕದಲ್ಲಿ ಒಂದು ದೊಡ್ಡ ಬಯಲು. ಗುಡ್ಡವಿಲ್ಲ, ಕಾಡಿಲ್ಲ, ಕಣ್ಣು ಹೋದಷ್ಟು ದೂರವೂ ಕಪ್ಪು ಮಣ್ಣು. ಆ ಕಪ್ಪು ಮಣ್ಣಿಗೆ ಎರೆ ಎಂದು ಹೆಸರು. ಊರಿನವರು ಪ್ರೀತಿಯಿಂದ ಎರೆವ್ವ ಎನ್ನುತ್ತಿದ್ದರು.

ಎರೆ ಹೊಲ ನೋಡಿದ ಮಕ್ಕಳು ಈಗಲೇ ಕೈ ಎತ್ತುತ್ತಾರೆ, ನನಗೆ ಗೊತ್ತು. "ಬೇಸಿಗೆಯಲ್ಲಿ ಅದು ಬಿರುಕು ಬಿಡುತ್ತದಲ್ಲ!" ಎನ್ನುತ್ತಾರೆ. ತಡೆಯಿರಿ, ಅವಸರ ಬೇಡ. ಆಗ ಎರೆವ್ವನ ಮೈಮೇಲೆ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಎಂಥ ಬೇಸಿಗೆ ಬಂದರೂ ಎಣ್ಣೆ ಸವರಿದ ಹಂಚಿನ ಹಾಗೆ ನುಣ್ಣಗೆ ಮಲಗಿರುತ್ತಿದ್ದಳು.

ಬಿರುಕಿಲ್ಲ ಎಂದರೆ ಬಾಯಿಲ್ಲ. ಬಾಯಿಲ್ಲದವಳು ಹೇಗೆ ಉಣ್ಣುತ್ತಿದ್ದಳು? ಎಲೆ ಉದುರಿ ಅವಳ ಮೇಲೆ ಬೀಳುತ್ತಿತ್ತು. ಒಣಗಿದ ದಂಟು ಬೀಳುತ್ತಿತ್ತು, ದನದ ಸಗಣಿ ಬೀಳುತ್ತಿತ್ತು. ಎರೆಹುಳಗಳು ಬಂದು ಅದನ್ನೆಲ್ಲ ಚೂರು ಚೂರೇ ಒಳಗೆ ಎಳೆದುಕೊಂಡು ಹೋಗಿ, ನುಣ್ಣಗೆ ಮಾಡಿ, ಅವಳಿಗೆ ಉಣಿಸುತ್ತಿದ್ದವು. ಅವಸರವಿಲ್ಲದ ಊಟ, ವರ್ಷವಿಡೀ ನಡೆಯುವ ಊಟ.

ಆ ಊರಲ್ಲಿ ಕೆಂಚವ್ವ ಎಂಬವಳಿದ್ದಳು. ಗಂಡ ಭರಮಣ್ಣ, ಕಂಕುಳಲ್ಲಿ ಒಂದು ಹೆಣ್ಣು ಕೂಸು, ಕೈಯಲ್ಲಿ ಒಂದು ಕಸಬರಿಗೆ. ಕೂಸನ್ನಾದರೂ ಆಗಾಗ ಕೆಳಗಿಳಿಸುತ್ತಿದ್ದಳು, ಕಸಬರಿಗೆಯನ್ನು ಮಾತ್ರ ಇಳಿಸುತ್ತಿರಲಿಲ್ಲ.

ಅಬ್ಬಾ, ಅವಳು ಗುಡಿಸುವ ಚಂದವೇ! ಮನೆ ಗುಡಿಸಿದಳು, ಅಂಗಳ ಗುಡಿಸಿದಳು, ಬೀದಿ ಗುಡಿಸಿದಳು. ಇನ್ನೂ ಕೈ ಸುಮ್ಮನಿರಲಿಲ್ಲ. ಒಂದು ದಿನ ಹೊಲಕ್ಕೆ ಬುತ್ತಿ ಒಯ್ದವಳು ಸುತ್ತ ನೋಡಿ ಹಣೆ ಬಡಿದುಕೊಂಡಳು.

"ಏನ್ರೀ ಇದು, ಹೊಲ ಅಂತೀರೋ, ಏನಂತೀರೋ! ಎಲ್ಲಿ ನೋಡಿದ್ರ ಅಲ್ಲಿ ಕಡ್ಡಿ, ಎಲ್ಲಿ ನೋಡಿದ್ರ ಅಲ್ಲಿ ಎಲಿ! ನಾಕು ಮಂದಿ ಹಾದು ಹೋಗೋ ದಾರಿ. ಕೆಂಚವ್ವನ ಹೊಲ ಹಿಂಗೈತಿ ಅಂದ್ರ ನನ್ನ ಮಾನ ಏನಾಗಬೇಕು?"

ಭರಮಣ್ಣ ರೊಟ್ಟಿ ಜಗಿಯುತ್ತಿದ್ದ. ಬಾಯಿ ತುಂಬಿದ್ದರಿಂದ ಬೇಡ ಎನ್ನಲಾಗಲಿಲ್ಲ. ಅಷ್ಟು ಹೊತ್ತಿಗೆ ಕೆಂಚವ್ವ ಸೆರಗು ಸಿಕ್ಕಿಸಿ ಗುಡಿಸಲು ಶುರು ಮಾಡಿಯಾಗಿತ್ತು. ಸರ್, ಸರ್, ಸರ್!

ಸಂಜೆಗೆ ಹೊಲ ಅಂಗಳದ ಹಾಗೆ ಹೊಳೆಯಿತು. ಗುಡಿಸಿದ ದಂಟು, ಎಲೆ, ಸಗಣಿ ಎಲ್ಲ ಮನೆಗೆ ಬಂದು ಒಲೆ ಸೇರಿತು. ಅದರ ಉರಿಯಲ್ಲಿ ರೊಟ್ಟಿ ಉಬ್ಬಿ ಉಬ್ಬಿ ಬಂದವು. ಹೊಲವೂ ಸ್ವಚ್ಛ, ಉರುವಲೂ ಪುಕ್ಕಟೆ! ಕೆಂಚವ್ವ ಹಿಗ್ಗಿ ಹೀರೇಕಾಯಿಯಾದಳು.

ಮರುದಿನ ಪಕ್ಕದ ಹೊಲದವರು ನೋಡಿದರು. ಅವರಿಗೂ ಮಾನವಿದೆಯಲ್ಲ! ಅವರೂ ಗುಡಿಸಿದರು. ಅವರನ್ನು ನೋಡಿ ಅವರಾಚೆಯವರು. ನೋಡನೋಡುತ್ತ ಊರಿಗೆ ಊರೇ ಹೊಲ ಗುಡಿಸತೊಡಗಿತು. ಯಾರದಾದರೂ ಹೊಲದಲ್ಲಿ ಒಂದು ಎಲೆ ಕಂಡರೆ ಸಾಕು, ಬಾವಿಕಟ್ಟೆಯ ಮೇಲೆ ಅದೇ ಮಾತು. "ಕಂಡ್ರೇನು? ಅವರ ಹೊಲದಾಗ ಎಲಿ ಬಿದ್ದೈತಿ!" "ಅಯ್ಯ ನಮ್ಮವ್ವಾ, ಹೌದೇನು!"

ಗುಡಿಸದವನು ಒಬ್ಬನೇ ಒಬ್ಬ, ತಿಪ್ಪಣ್ಣ. ಅವನು ಮಹಾ ಸೋಮಾರಿ. ಅವನ ಹೊಲದಲ್ಲಿ ದಂಟು ಬಿದ್ದಲ್ಲೇ ಕೊಳೆಯುತ್ತಿತ್ತು. ಹೊಲದ ಮೂಲೆಯ ಸಗಣಿ ಗುಡ್ಡೆ ಅವನಿಗಿಂತ ಎತ್ತರವಿತ್ತು. ಊರವರು ಅವನ ಹೊಲದ ಕಡೆ ಮುಖ ಕೂಡ ತಿರುಗಿಸುತ್ತಿರಲಿಲ್ಲ. ತಿರುಗಿಸಿದ್ದರೆ ಅವನ ಜೋಳ ಎಷ್ಟು ಎತ್ತರ ನಿಂತಿದೆ ಎಂದು ಕಾಣುತ್ತಿತ್ತು.

ಅದು ಸುಖದ ಕಾಲವೇ, ಸುಳ್ಳೇಕೆ ಹೇಳಬೇಕು. ಎರೆವ್ವ ಬೇಕಾದ್ದು ಕೊಟ್ಟಳು. ಅವಳಿಂದ ಗೋಡೆ ಕಟ್ಟಿದರು, ಮಾಳಿಗೆ ಹಾಕಿದರು, ಒಲೆ ಮಾಡಿದರು. ಅವಳ ಹೊಟ್ಟೆಯಲ್ಲೇ ಆಳದ ಗುಂಡಿ ತೋಡಿ, ಹಗೇವು ಎಂದು ಹೆಸರಿಟ್ಟು, ಅದರಲ್ಲಿ ಜೋಳ ಕಾಪಿಟ್ಟರು. ಒಂದು ಬೆಳೆ ತೆಗೆದ ಮೇಲೆ ಇನ್ನೊಂದು ತೆಗೆದರು, ಅದರ ಮೇಲೆ ಮತ್ತೊಂದು. ಪ್ರತಿ ಬೆಳೆಯ ಹಿಂದೆ ಕಸಬರಿಗೆ ಬಂತು. ಸರ್, ಸರ್, ಸರ್!

ಒಂದು ದಿನ ಕೆಂಚವ್ವ ಗುಡಿಸುತ್ತಿದ್ದಾಗ ಎರೆಹುಳವೊಂದು ಬದುವಿನ ಮೇಲೆ ತೆವಳುತ್ತ ಹೊರಟಿತ್ತು. ಅದರ ಹಿಂದೆ ಅದರ ಹೆಂಡತಿ ಮಕ್ಕಳು, ಮಾವಂದಿರು, ಅತ್ತೆಯರು, ಇಡೀ ವಂಶ.

"ಎಲ್ಲಿಗೆ ಹೊಂಟೀರಿ ಮೆರವಣಿಗಿ?" ಎಂದಳು ಕೆಂಚವ್ವ.

"ತಿಪ್ಪಣ್ಣನ ಹೊಲಕ್ಕ, ಅಕ್ಕಾ. ಇಲ್ಲಿ ತಿನ್ನಾಕ ಏನೂ ಇಲ್ಲ. ನಮಗೂ ಇಲ್ಲ, ಎರೆವ್ವಗೂ ಇಲ್ಲ."

"ಹೋಗ್ರಿ ಹೋಗ್ರಿ, ಚಲೋನ ಆತು! ದಿನಾ ಮುಂಜಾನಿ ಹೊಲದ ತುಂಬ ಮಣ್ಣಿನ ಗುಡ್ಡಿ ಹಾಕಿ ಹೊಲಸು ಮಾಡತಿದ್ರಿ. ನನಗೂ ಗುಡಿಸೂದು ಕಡಿಮಿ ಆತು."

ಹುಳ ವಂಶವನ್ನೆಲ್ಲ ಕರೆದುಕೊಂಡು ಬದು ದಾಟಿತು. ಹೊರಟೇ ಹೋಯಿತು. ಆ ವರ್ಷ ಜೋಳದ ತೆನೆ ಇಲಿಬಾಲದಷ್ಟೇ ಬಂತು. ಮರುವರ್ಷ ಅದೂ ಬರಲಿಲ್ಲ. ಹಗೇವಿನೊಳಗೆ ಇಳಿದ ಭರಮಣ್ಣ ತಳದ ಕಾಳು ಕೆರೆದು ಕೆರೆದು ಮೇಲಕ್ಕೆ ಕೊಟ್ಟ. ಕೂಸಿಗೆ ಈಗ ಬಾಯಿ ತುಂಬ ಹಲ್ಲಿದ್ದವು. ಹಾಲಲ್ಲಿ ನೆನೆಸಿದ ರೊಟ್ಟಿಯ ರುಚಿ ಹತ್ತಿತ್ತು. ಒಂದು ತುತ್ತು ತಿಂದರೆ ಇನ್ನೊಂದಕ್ಕೆ ಬಾಯಿ ತೆರೆಯುತ್ತಿತ್ತು.

ಬೇಸಿಗೆ ಬಂತು. ಕೆಂಚವ್ವ ಕೂಸನ್ನು ಬೇವಿನ ನೆರಳಲ್ಲಿ ಮಲಗಿಸಿ ಹೊಲ ಗುಡಿಸುತ್ತಿದ್ದಳು. ಗುಡಿಸಲು ಏನೂ ಇರಲಿಲ್ಲ, ಆದರೂ ಗುಡಿಸುತ್ತಿದ್ದಳು. ಕೈ ಸೋತು ಒಂದು ಗಳಿಗೆ ನಿಂತಳು, ಅಷ್ಟೇ. ಕಸಬರಿಗೆಯ ಸದ್ದು ನಿಂತಿತು. ಆಗ ಯಾರೋ ಮಾತಾಡುವುದು ಕೇಳಿಸಿತು.

ಮಾತಾಡುತ್ತಿದ್ದದ್ದು ಹೊಲದ ಅಂಚಿನ ಹಳ್ಳ. ಬೇಸಿಗೆಗೆ ಅದು ಒಣಗಿ ಒಂದು ಮಡುವಿನಷ್ಟೇ ಉಳಿದಿತ್ತು. ಮೈ ಒಣಗಿದರೂ ಮಾತು ಒಣಗಿರಲಿಲ್ಲ.

"ಯಾಕವಾ ಎರೆವ್ವಾ, ಇನ್ನ ಎಷ್ಟು ದಿನ ಹಿಂಗ ಉಪವಾಸ ಬೀಳ್ತಿ? ಮೊದಲ ಮಳಿ ಬರ್ಲಿ, ನನ್ನ ಜೋಡಿ ಬಾ. ಸಮುದ್ರಕ್ಕ ಹೋಗೂಣು. ಅಲ್ಲಿ ಯಾರೂ ಉಳೂದಿಲ್ಲ, ಯಾರೂ ತೋಡೂದಿಲ್ಲ. ಕಸಬರಿಗಿ ಅಂತೂ ಇಲ್ಲೇ ಇಲ್ಲ."

"ಬರ್ತೀನಪಾ ಹಳ್ಳಪ್ಪ," ಎಂದಳು ಎರೆವ್ವ. ಅವಳ ದನಿ ಬಹಳ ಸಣ್ಣಗಾಗಿತ್ತು. "ಮೊದಲಿನಂಗ ಭಾರ ಇಲ್ಲ ನಾ. ಹೊಟ್ಟ್ಯಾಗ ಏನೂ ಇಲ್ಲ, ಹಗೂರಾಗೀನಿ. ನೀ ಒಂದಿಷ್ಟು ಎತ್ತಿದ್ರ ಸಾಕು, ಬಂದುಬಿಡ್ತೀನಿ."

ಕೆಂಚವ್ವನ ಎದೆ ಧಸಕ್ಕೆಂದಿತು. ಎರೆವ್ವ ಹೊರಟರೆ ಉಳಿಯುವುದು ಬರೀ ಕಲ್ಲು! ಕಲ್ಲಿನ ಮೇಲೆ ಜೋಳ ಬೆಳೆಯುತ್ತದೆಯೇ? ಕೂಸು ನಾಳೆ ಬಾಯಿ ತೆರೆದರೆ ಏನು ಇಡುವುದು? ಕೈಯಿಂದ ಕಸಬರಿಗೆ ಜಾರಿತು. ನೆಲದ ಮೇಲೆ ದೊಪ್ಪನೆ ಕೂತಳು.

"ಯವ್ವಾ! ಬ್ಯಾಡ ಯವ್ವಾ, ಹೋಗಬ್ಯಾಡ! ನಿನಗೇನು ಕಡಿಮಿ ಮಾಡೀನಿ ನಾನು? ಇಷ್ಟು ಚಂದ ಇಟ್ಟೀನಲ್ಲ!"

"ಚಂದ ಇಟ್ಟೀ ಮಗಳ. ಉಪವಾಸಾನೂ ಇಟ್ಟೀ."

"ಹಸಿವ್ಯಾಗಿದ್ರ ಒಂದು ಮಾತು ಹೇಳಬಾರದಿತ್ತೇನು?"

"ಹೇಳೀನಿ. ಹ್ವಾದ ವರ್ಷಾನೂ ಹೇಳೀನಿ, ಈ ವರ್ಷಾನೂ ಹೇಳೀನಿ. ನಿನ್ನ ಕಸಬರಿಗಿ ಸಪ್ಪಳದಾಗ ನನ್ನ ಮಾತು ಎಲ್ಲಿ ಕೇಳಬೇಕು ನಿನಗ?"

ಕೆಂಚವ್ವನಿಗೆ ನಾಚಿಕೆಯೂ ಬಂತು, ಅಳುವೂ ಬಂತು. ಆದರೆ ಅಳುತ್ತ ಕೂರುವ ಜಾತಿಯವಳಲ್ಲ ಅವಳು. ಕೂಸನ್ನೆತ್ತಿಕೊಂಡು ಮನೆಗೆ ಓಡಿದಳು. ಬುಟ್ಟಿಯಲ್ಲಿದ್ದ ರೊಟ್ಟಿ, ಗಡಿಗೆಯಲ್ಲಿದ್ದ ನುಚ್ಚು, ಮಧ್ಯಾಹ್ನದ ಪಲ್ಯ, ಇದ್ದಬದ್ದದ್ದೆಲ್ಲ ಹೊತ್ತು ತಂದಳು. ಹಿಂದಿನಿಂದ ಭರಮಣ್ಣ, "ಏ, ನನ್ನ ಊಟಾ! ನನ್ನ ಊಟಾ!" ಎನ್ನುತ್ತ ಓಡಿ ಬಂದ.

ಎಲ್ಲವನ್ನೂ ಹೊಲದ ನಡುವೆ ಸುರಿದಳು. "ಉಣ್ಣು ಯವ್ವಾ!"

ನುಚ್ಚಿಗೆ ಇರುವೆ ಬಂದವು. ರೊಟ್ಟಿಗೆ ಕಾಗೆ ಬಂತು, ಹೊಸ ರಾಗದಲ್ಲಿ ಧನ್ಯವಾದ ಹೇಳಿ ಎತ್ತಿಕೊಂಡು ಹೋಯಿತು. ಉಳಿದದ್ದನ್ನು ಗಾಳಿ ಹಾರಿಸಿತು. ಎರೆವ್ವ ಹಾಗೇ ಮಲಗಿದ್ದಳು, ನುಣ್ಣಗೆ, ಬಿಗಿಯಾಗಿ.

"ಬಾಯಿ ಎಲ್ಲೈತಿ ನನಗ?" ಎಂದಳು. "ಹುಳಾ ಉಣಸ್ತಿದ್ವು. ಅವನ್ನ ನೀನ ಓಡಿಸೀದಿ."

ಭರಮಣ್ಣ ತಲೆ ಕೆರೆದುಕೊಂಡ. ಅವನಿಗೆ ಒಂದು ಉಪಾಯ ಹೊಳೆಯಿತು. ಅವನಿಗೆ ಹೊಳೆಯುವುದೇ ಅಪರೂಪ, ಹೊಳೆದರೆ ಅತಿಯಾಗಿ ಹೊಳೆಯುತ್ತಿತ್ತು.

"ತಪ್ಪಾತು ಯವ್ವಾ! ಇನ್ನಮ್ಯಾಲೆ ನಿನ್ನ ಯಾರೂ ಮುಟ್ಟೂದಿಲ್ಲ. ಉಳೂದು ಬ್ಯಾಡ, ಬಿತ್ತೂದು ಬ್ಯಾಡ, ಮನಿ ಕಟ್ಟೂದೂ ಬ್ಯಾಡ. ನಾವು ಗಿಡದ ಮ್ಯಾಲೆ ಇರ್ತೀವಿ." ಹೇಳಿದವನೇ ಧೋತರ ಮೇಲೆ ಕಟ್ಟಿ ಬೇವಿನ ಮರ ಹತ್ತತೊಡಗಿದ.

"ಇಳಿ, ಇಳಿ! ಹುಚ್ಚಪ್ಪಾ!" ಎರೆವ್ವನಿಗೆ ಆ ಹಸಿವಿನಲ್ಲೂ ನಗು ಬಂತು. "ಮುಟ್ಟಬ್ಯಾಡ್ರಿ ಅಂತ ಯಾರಂದ್ರು? ನೀ ಎತ್ತು ಹೂಡಿ ಕುಂಟಿ ಹೊಡಿಯುವಾಗ ನನಗ ಕಚಗುಳಿ ಆಕ್ಕತಿ, ಅದು ಬೇಕು ನನಗ. ಜ್ವಾಳದ ಬೇರು ಇಳಿದ್ರ ಹಿತ ಅನಸ್ತೈತಿ. ನಿಮ್ಮ ಕೂಸು ರೊಟ್ಟಿ ತಿಂದು ನಕ್ಕರ ನನಗೂ ನಕ್ಕಂಗ ಆಕ್ಕತಿ. ತಗೋಬ್ಯಾಡ್ರಿ ಅನ್ನೂದಿಲ್ಲ ನಾನು. ತಗೊಂಡು ಎಲ್ಲಾ ಬಳಕೊಂಡು ಹೋಗಬ್ಯಾಡ್ರಿ ಅಂತೀನಿ."

"ಮತ್ತ ಒಲಿ ಹ್ಯಾಂಗ ಉರೀಬೇಕು ಯವ್ವಾ?" ಕೆಂಚವ್ವ ಕೇಳಿಯೇಬಿಟ್ಟಳು. ಕೇಳಬೇಕಾದ ಮಾತೇ ಅದು. "ಸಗಣಿ ಕುಳ್ಳು ಇಲ್ಲದ ರೊಟ್ಟಿ ಬೇಯೂದಿಲ್ಲ. ದಂಟು ಇಲ್ಲದ ಎತ್ತು ಬದುಕೂದಿಲ್ಲ."

"ಕಾಳು ನೀವು ತಿನ್ರಿ, ದಂಟು ಎತ್ತಿಗೆ ಹಾಕ್ರಿ. ಸಗಣಿ ಅರ್ಧ ಒಲಿಗೆ, ಅರ್ಧ ನನಗ. ಒಲ್ಯಾಗಿನ ಬೂದಿ ಚೆಲ್ಲಬ್ಯಾಡ್ರಿ, ಅದೂ ನಂದು. ಉದುರಿದ ಎಲಿ ನಂದು. ವರ್ಷಕ್ಕೊಮ್ಮೆ ಬ್ಯಾಸಿಗ್ಯಾಗ ನನ್ನ ಪಾಡಿಗೆ ನನ್ನ ಬಿಡ್ರಿ. ಇಷ್ಟ ನೋಡು. ಆದ್ರ ಈಗ ಏನು ಉಪಯೋಗ? ನನಗ ಬಾಯಿಲ್ಲ. ಮಳಿ ಬರಾಕತ್ತೈತಿ. ಹಳ್ಳಕ್ಕ ಮಾತು ಕೊಟ್ಟುಬಿಟ್ಟೀನಿ."

ಕೆಂಚವ್ವ ತಿಪ್ಪಣ್ಣನ ಹೊಲಕ್ಕೆ ಓಡಿದಳು. ಸಗಣಿ ಗುಡ್ಡೆಯ ಬುಡ ಬಗೆದು ಎರೆಹುಳವನ್ನು ಕರೆದಳು. ಬೆಳ್ಳಂಬೆಳಗಿನಿಂದ ಉಂಡು ಮಲಗಿದ್ದ ಹುಳ ತಲೆ ಎತ್ತಿತು.

"ತಪ್ಪು ನಂದು. ಬಾ ಅಣ್ಣಾ, ಎರೆವ್ವ ಹೊಂಟಾಳ."

ಹುಳ ಒಳ್ಳೆಯದು, ಸೇಡಿಟ್ಟುಕೊಳ್ಳುವಂಥದ್ದಲ್ಲ. "ಬರ್ತೀವಿ ಅಕ್ಕಾ. ಆದ್ರ ಇಷ್ಟು ದಿನದ ಹಸಿವಿ ಅದು. ಮಳಿ ಬರೋದ್ರಾಗ ಅಷ್ಟು ದೊಡ್ಡ ಹೊಟ್ಟಿ ತುಂಬಸಾಕ ನಮ್ಮ ಬಾಯಿ ಸಾಲೂದಿಲ್ಲ. ನೆಲಾನೂ ಕಲ್ಲಾಗೈತಿ, ಒಳಗ ಹೋಗಾಕ ದಾರಿ ಇಲ್ಲ. ಅವ್ವಗ ಅವ್ವಂದ ಒಂದು ಬಾಯಿ ಆದ್ರ, ಮುಂದಿಂದು ನಾವು ನೋಡ್ಕೋತೀವಿ."

ಬಾಯಿ! ನೆಲಕ್ಕೆ ಬಾಯಿ ಎಲ್ಲಿಂದ ತರುವುದು? ಕೆಂಚವ್ವ ಮನೆಗೆ ಬಂದು ಒಲೆಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಳು. ಕೂಸು ಪಕ್ಕದಲ್ಲಿ ಆಡುತ್ತಿತ್ತು. ಅದರ ಕೈಯಲ್ಲಿ ಒಂದು ಚೂರು ರೊಟ್ಟಿ. ಒಂದಿಷ್ಟು ತಾನು ತಿಂದಿತು. ಇನ್ನೊಂದಿಷ್ಟನ್ನು ಮುರಿದು ಒಲೆಯ ಬದಿಯಲ್ಲಿದ್ದ ಬಿರುಕಿನೊಳಗೆ ತುರುಕಿತು.

"ಉಂ... ಉಣ್ಣು!" ಎಂದಿತು ಕೂಸು, ಒಲೆಗೆ.

ಕೆಂಚವ್ವ ಕಣ್ಣರಳಿಸಿ ನೋಡಿದಳು. ಒಲೆಯ ಬದಿಯ ಆ ಬಿರುಕು ಅವಳ ಜನ್ಮವೈರಿ. ದಿನಾ ಸಾರಿಸಿ ಮುಚ್ಚುತ್ತಿದ್ದಳು, ದಿನಾ ಅದು ಬಾಯಿ ಬಿಡುತ್ತಿತ್ತು. ಒಲೆಯೂ ಅದೇ ಕಪ್ಪು ಮಣ್ಣಿನದೇ. ಬೆಂಕಿಯ ಕಾವು ತಾಗಿದಲ್ಲಿ ಮಾತ್ರ ಬಿರಿಯುತ್ತಿತ್ತು. ಕಾವು!

ಕೂಸಿಗೆ ಮುತ್ತು ಕೊಟ್ಟು, ಕಂಕುಳಿಗೇರಿಸಿ, ಹೊಲದ ನಡುವೆ ಹೋಗಿ ನಿಂತು ಮುಖ ಮೇಲೆತ್ತಿ ಕೂಗಿದಳು. "ಸೂರ್ಯಪ್ಪಾ! ಓ ಸೂರ್ಯಪ್ಪಾ! ಇನ್ನಷ್ಟು ಸುಡು!"

ಸೂರ್ಯನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆಗಿನ ಸೂರ್ಯ ಬಹಳ ಸಂಕೋಚದವನು. ಸ್ವಲ್ಪ ಸುಟ್ಟರೂ ಜನ ಬೈಯುತ್ತಿದ್ದರು, ಪಾಪ.

"ಏನಂದಿ ತಂಗಿ? ಹುಟ್ಟಿದಾಗಿಂದ ಎಲ್ಲಾರೂ ಸಾಕು ಸಾಕು ಅಂದಾರ. ಇನ್ನಷ್ಟು ಅಂದಾಕಿ ನೀನೊಬ್ಬಾಕಿ!"

"ಸುಡು! ಎಷ್ಟು ಕಾವು ಐತಿ ಅಷ್ಟೂ ಬಿಡು! ಎರೆವ್ವಗ ಬಾಯಿ ಮಾಡಿಕೊಡು!"

ಸೂರ್ಯನಿಗೆ ಆದ ಖುಷಿ ಕೇಳಬೇಡಿ. ತೋಳು ಮಡಚಿದ, ಉಸಿರೆಳೆದ, ಬಿಟ್ಟ ನೋಡಿ ಬಿಸಿಲು! ಕಾಗೆ ರಾಗ ಬಿಟ್ಟು ನೆರಳು ಹುಡುಕಿತು. ಹಳ್ಳದ ಮಡು ಗೊಣಗುತ್ತ ಇನ್ನೂ ಸಣ್ಣಗಾಯಿತು. ದಿನಗಟ್ಟಲೆ ಸುಟ್ಟ.

"ಉರೀತೈತಿ ಮಗಳ," ಎಂದಳು ಎರೆವ್ವ. "ಹೆದರಿಕಿ ಆಕ್ಕತಿ."

ಕೆಂಚವ್ವ ಅವಳ ಮೈಮೇಲೆ ಅಂಗೈ ಊರಿ ಕೂತಳು. ತಾನು ಹೆರುವಾಗ ಪಕ್ಕದ ಮನೆಯ ಅಜ್ಜಿ ಕೈ ಹಿಡಿದು ಕೂತಿದ್ದಳಲ್ಲ, ಹಾಗೆ. "ನಾ ಅದೀನಿ ಯವ್ವಾ. ತಡಕೋ. ಇನ್ನ ಸ್ವಲ್ಪ."

ಟಪ್!

ಅವಳ ಅಂಗೈಯ ಪಕ್ಕದಲ್ಲೇ ಕೂದಲೆಳೆಯಷ್ಟು ಗೀರು ಮೂಡಿತು. ಗೀರು ಬೆರಳಷ್ಟಾಯಿತು, ಬೆರಳಷ್ಟಿದ್ದದ್ದು ಗೇಣಗಲವಾಯಿತು. ಟಪ್, ಟಪ್, ಟಪಟಪ ಟಪ್! ಹೊಲದಿಂದ ಹೊಲಕ್ಕೆ ಬಿರುಕು ಓಡಿತು. ಬದು ದಾಟಿತು, ಕಾಲುದಾರಿ ದಾಟಿತು. ಇಡೀ ಬಯಲು ಬಾಯಿ ತೆರೆಯಿತು. ಒಂದಲ್ಲ, ಲೆಕ್ಕವಿಲ್ಲದಷ್ಟು ಬಾಯಿ!

"ಆ..." ಎಂದಳು ಎರೆವ್ವ. "ಗಾಳಿ ಒಳಗ ಬಂತು. ಎಷ್ಟು ಹಾಯ್ ಅನಸ್ತೈತಿ! ಈಗ ಹಾಕ್ರಿ, ಏನೈತಿ ಹಾಕ್ರಿ!"

ಅಷ್ಟರಲ್ಲಿ ಪಡುವಣದಲ್ಲಿ ಗುಡುಗಿತು. ಅಷ್ಟು ದೊಡ್ಡ ಬಿಸಿಲಿಗೆ ಅಷ್ಟೇ ದೊಡ್ಡ ಮೋಡ ಎದ್ದಿತ್ತು. ಹಳ್ಳ ಕುಣಿಯತೊಡಗಿತು. "ಬಂತು ಬಂತು! ಮಳಿ ಬಂತು! ಹೊರಡು ಎರೆವ್ವಾ, ಗಂಟು ಮೂಟಿ ಕಟ್ಟು!"

"ಊರಾಗಿನವರೆಲ್ಲಾ ಬರ್ರೀ!" ಕೆಂಚವ್ವ ಕೂಗುತ್ತ ಬೀದಿ ಬೀದಿ ಓಡಿದಳು. "ಕಸಾ ತರ್ರಿ! ಎಲಿ ತರ್ರಿ! ಎರೆವ್ವ ಹೊಂಟಾಳ, ಅಕಿ ಹೊಟ್ಟಿ ತುಂಬಸ್ರಿ!"

ಜನ ಹೊರಗೆ ಬಂದರು, ವಿಷಯ ತಿಳಿದು ಹೌಹಾರಿದರು. ಕಸ ಹುಡುಕಲು ಎಲ್ಲ ದಿಕ್ಕಿಗೂ ಓಡಿದರು. ಆದರೆ ಕಸ ಎಲ್ಲಿದೆ? ಅಂಗಳ ಫಳಫಳ. ಬೀದಿ ಫಳಫಳ. ಹಿತ್ತಲಲ್ಲಿ ಒಂದು ಎಲೆಯಿಲ್ಲ. ಇಂಥ ಸ್ವಚ್ಛ ಊರು ಲೋಕದಲ್ಲೇ ಇರಲಿಲ್ಲ! ಒಂದು ಹಿಡಿ ಕಸಕ್ಕೆ ಊರೆಲ್ಲ ಬಾಯಿ ಬಾಯಿ ಬಿಟ್ಟಿತು.

"ತಿಪ್ಪಣ್ಣ!" ಎಲ್ಲರೂ ಒಟ್ಟಿಗೆ ಕೂಗಿದರು.

ತಿಪ್ಪಣ್ಣ ತನ್ನ ಸಗಣಿ ಗುಡ್ಡೆಗೆ ಒರಗಿ ಮಲಗಿದ್ದ. ಜೀವಮಾನದಲ್ಲಿ ಮೊದಲ ಸಲ ಇಡೀ ಊರು ಅವನ ಹೊಲಕ್ಕೆ ಓಡಿ ಬಂದಿತ್ತು. ಒಂದು ಕಣ್ಣು ತೆರೆದ.

"ಕೊಡ್ತೀನಿ. ಒಯ್ಯಿರಿ. ಆದ್ರ ಎಲ್ಲಾರೂ ಒಮ್ಮೆ ಹೇಳ್ರಿ, ತಿಪ್ಪಣ್ಣ ಶಾಣ್ಯಾ ಅಂತ."

"ತಿಪ್ಪಣ್ಣ ಶಾಣ್ಯಾ!"

"ಇನ್ನೊಮ್ಮೆ."

"ತಿಪ್ಪಣ್ಣ ಶಾಣ್ಯಾ! ಏಳೋ ಮಾರಾಯಾ!"

"ಶಾಣ್ಯಾ ಏನಲ್ಲ ಬಿಡ್ರಿ. ಬಗ್ಗಿ ಗುಡಿಸಾಕ ಬ್ಯಾಸರ, ಅಷ್ಟ," ಎಂದು ತಿಪ್ಪಣ್ಣ ನಕ್ಕು ಗುಡ್ಡೆಯಿಂದ ಸರಿದ.

ಬುಟ್ಟಿ ಬುಟ್ಟಿ ಹೊತ್ತರು. ಗುಡ್ಡೆ ಕರಗುತ್ತ ಬಂತು, ಬಾಯಿಗಳು ಇನ್ನೂ ಉಳಿದಿದ್ದವು. ಮತ್ತೆ ಮನೆಗೆ ಓಡಿದರು. ಒಬ್ಬರು ಚಪ್ಪರದ ಗರಿ ಕಿತ್ತು ತಂದರು, ಇನ್ನೊಬ್ಬರು ಹಾಸಿಗೆ ಹರಿದು ಒಳಗಿನ ಹುಲ್ಲು ತಂದರು. ಒಲೆಯ ಬೂದಿ ಬಂತು, ತೂರಿದ ಹೊಟ್ಟು ಬಂತು. ಭರಮಣ್ಣ ಆತುರಕ್ಕೆ ತನ್ನ ರುಮಾಲನ್ನೇ ಹಾಕಿಬಿಟ್ಟು, ಆಮೇಲೆ ಬಿರುಕಿಗೆ ತಲೆ ಹಾಕಿ ಹುಡುಕಿದ.

ಗಾಳಿಗೂ ಹುರುಪು ಬಂತು. "ಎರೆವ್ವನ ಊಟ ಹಾರಿಸಿದ್ದು ನಾನ. ತಡೀರಿ, ಬಂದೆ!" ಎಂದು ಹೋಗಿ, ಎಲ್ಲೋ ದೂರದ ಅಡವಿಯಿಂದ ಒಣಗಿದೆಲೆಗಳನ್ನು ಸುಂಟರಗಾಳಿ ಕಟ್ಟಿ ತಂದು ಸುರಿಯಿತು. ಎರೆಹುಳದ ವಂಶವೆಲ್ಲ ತೆವಳಿ ಬಂದು ಬಿರುಕುಗಳೊಳಗೆ ಇಳಿಯಿತು. "ತಡ ಮಾಡಬ್ಯಾಡ್ರಿ! ಹಾಕ್ರಿ! ಹಾಕ್ರಿ!"

ಹನಿ ಬಿತ್ತು. ದಪ್ಪ ಹನಿ, ಒಂದೊಂದೇ.

ಆಗ ಕೆಂಚವ್ವ ನೋಡಿದಳು. ಅವಳ ಹೊಲದ ನಡುವೆ, ಅವಳು ಅಂಗೈ ಊರಿದ್ದ ಜಾಗದಲ್ಲಿ, ಎಲ್ಲಕ್ಕಿಂತ ಮೊದಲು ತೆರೆದ ಬಾಯಿ ಹಾಗೇ ಖಾಲಿಯಿತ್ತು. ಎಲ್ಲರೂ ಎಲ್ಲ ಕಡೆ ಹಾಕಿದ್ದರು, ಅದೊಂದು ಮರೆತಿತ್ತು. ಸುತ್ತ ನೋಡಿದಳು. ಬುಟ್ಟಿಗಳು ಬರಿದು. ಹೊಲದ ಮೇಲೆ ಒಂದೇ ಒಂದು ವಸ್ತು ಬಿದ್ದಿತ್ತು.

ಅವಳ ಕಸಬರಿಗೆ.

ಅವಳೇ ಹುಲ್ಲು ಕೊಯ್ದು, ಒಣಗಿಸಿ, ಎಳೆ ಎಳೆ ಆರಿಸಿ ಕಟ್ಟಿದ್ದು. ಹಿಡಿ ಅವಳ ಕೈಗೆ ಸವೆದು ಅವಳ ಕೈಯದೇ ಆಕಾರ ಬಂದಿತ್ತು. ಎತ್ತಿಕೊಂಡಳು. ಎದೆಗೊತ್ತಿಕೊಂಡಳು.

"ಹೊರಟೆನವಾ ಎರೆವ್ವಾ!" ಹಳ್ಳ ದಡ ಮೀರಿ ಬರುತ್ತಿತ್ತು. "ಕೈ ಕೊಡು!"

ಕೆಂಚವ್ವ ಕಸಬರಿಗೆಯ ಕಟ್ಟು ಬಿಚ್ಚಿದಳು. ಹುಲ್ಲನ್ನು ಹಿಡಿ ಹಿಡಿಯಾಗಿ ಆ ಬಾಯಿಗೆ ಉಣಿಸಿದಳು. "ಉಣ್ಣು ಯವ್ವಾ," ಎಂದಳು. ಕಂಕುಳಲ್ಲಿದ್ದ ಕೂಸೂ ಬಗ್ಗಿ, "ಉಣ್ಣು!" ಎಂದಿತು.

ಮಳೆ ಧೋ ಎಂದು ಸುರಿಯಿತು. ಹಳ್ಳ ಬಂದು ಎರೆವ್ವನನ್ನು ತಬ್ಬಿ ಎತ್ತಿತು. ಏಳಲಿಲ್ಲ. ಇನ್ನೊಮ್ಮೆ ಎತ್ತಿತು. ಅಲುಗಲಿಲ್ಲ. ಎರೆವ್ವ ಮಳೆ ನೀರು ಗಟಗಟ ಕುಡಿದು ಉಬ್ಬಿದಳು. ಉಬ್ಬಿ ಉಬ್ಬಿ ಬಾಯಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಆಮೇಲೆ ಒಂದು ದೊಡ್ಡ ತೇಗು ತೇಗಿದಳು. ಆ ತೇಗಿನ ಘಮ ಬಯಲ ತುಂಬ ಹರಡಿತು.

"ಹೊಟ್ಟಿ ಭಾರ ಆಗೈತಿ ಹಳ್ಳಪ್ಪ," ಎಂದಳು. "ಈಗ ಎಲ್ಲಿಂದ ಏಳೂದು? ನೀ ಹೋಗಿ ಬಾ. ಮುಂದಿನ ಸಲ ನೋಡೂಣು."

ಊರಿಗೆ ಊರೇ ಮಳೆಯಲ್ಲಿ ಕುಣಿಯಿತು. ಭರಮಣ್ಣ ಕುಣಿದ, ತಿಪ್ಪಣ್ಣ ಕೂಡ ಎದ್ದು ಎರಡು ಹೆಜ್ಜೆ ಹಾಕಿದ. ಕೆಂಚವ್ವ ಕೂಸನ್ನೆತ್ತಿ ಗಿರಗಿರ ತಿರುಗಿದಳು. ಆ ವರ್ಷದ ಜೋಳದ ಹೊಲದಲ್ಲಿ ಭರಮಣ್ಣ ನಿಂತರೆ ಅವನ ಹೊಸ ರುಮಾಲೂ ಕಾಣುತ್ತಿರಲಿಲ್ಲ. ಕೂಸು ಹಾಲು ರೊಟ್ಟಿ ಹೊಟ್ಟೆ ತುಂಬ ತಿಂದಿತು, ಸಾಕು ಎಂದು ತಾನೇ ಬಾಯಿ ಮುಚ್ಚಿತು. ಕೆಂಚವ್ವ ಹೊಸ ಕಸಬರಿಗೆ ಕಟ್ಟಿಕೊಂಡಳು. ಮನೆಯನ್ನೂ ಅಂಗಳವನ್ನೂ ಮೊದಲಿಗಿಂತ ಚಂದ ಗುಡಿಸಿದಳು. ಅಂಗಳದಾಚೆ ಮಾತ್ರ ಅದನ್ನು ದಾಟಿಸಲಿಲ್ಲ.

ಅಂದಿನಿಂದ ಬೇಸಿಗೆ ಬಂದರೆ ಎರೆ ಹೊಲ ಬಾಯಿ ತೆರೆಯುತ್ತದೆ. ಬಿರುಕಿನೊಳಗೆ ಎಲೆ ಬೀಳುತ್ತದೆ, ದಂಟು ಬೀಳುತ್ತದೆ, ಮೇಲಿನ ಪುಡಿಮಣ್ಣು ಜಾರಿ ಬೀಳುತ್ತದೆ. ಮೊದಲ ಮಳೆಗೆ ಬಾಯಿ ಮುಚ್ಚಿಕೊಳ್ಳುತ್ತದೆ, ಆಗ ಬರುವ ಘಮ ಎರೆವ್ವನ ತೇಗು. ಹಳ್ಳವೂ ಹಟ ಬಿಟ್ಟಿಲ್ಲ. ಪ್ರತಿ ವರ್ಷ ಬಂದು, "ಬರ್ತೀಯೇನವಾ?" ಎಂದು ಕೇಳಿಯೇ ಕೇಳುತ್ತದೆ. ಎರೆವ್ವ ಉತ್ತರ ಹೇಳುವ ಮೊದಲು ತನ್ನ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಾಳೆ. ಅದಕ್ಕೇ, ಮಳೆಗಾಲದಲ್ಲಿ ಸೇತುವೆಯ ಮೇಲೆ ನಿಂತು ನೀವು ಕೆಳಗೆ ಬಗ್ಗಿದಾಗ ಹಳ್ಳದ ನೀರು ಕಪ್ಪಗೆ ಹರಿಯುತ್ತಿದ್ದರೆ, ಮೇಲೆಲ್ಲೋ ಯಾರದೋ ಹೊಲದ ಎರೆವ್ವ ಹಸಿದು ಹೊರಟುಬಿಟ್ಟಿದ್ದಾಳೆ ಎಂದು ತಿಳಿಯಿರಿ.